ತಮಾಷೆಯ ಲೆಕ್ಕಕ್ಕೆ ಬರೆದ ಕೆಲಸ

ಗಂಟೆಗೊಮ್ಮೆ ಕೈಗೆ ಬಿಡುವು ಕೊಡುತ್ತೇವೆ ಎಂದರು ಕಂಪನಿಯವರು. ಕೊಡಲಿಲ್ಲ. ಮೂರನೇ ಮಹಡಿಯ ಪ್ರತಿ ಮೇಜಿಗೂ ಕ್ಯಾಮೆರಾ ಹಾಕಿಸುತ್ತೇವೆ ಎಂದರು. ಹಾಕಿಸಲಿಲ್ಲ. ಭಾವ ಮಾಡಿದ ಪ್ರೋಗ್ರಾಂ ಪೂರ್ತಿ ಮಾಡಿಸಿ, ಕೈ ಕೆಟ್ಟವರಿಗೆಲ್ಲ ಕೊಡುತ್ತೇವೆ ಎಂದರು. ಆಮೇಲೆ, ಅಂಥದ್ದೇನೂ ಇಲ್ಲವೇ ಇಲ್ಲ, ಅದೊಂದು ತಮಾಷೆ ಎಂದರು. ಅದರ ಮೇಲೆ ಭಾವನ ಹೆಸರು ಇರುತ್ತದೆ ಎಂದೂ ಹೇಳಿದ್ದರು — ಇಲ್ಲದ ವಸ್ತುವಿನ ಮೇಲೆ ಹೆಸರು ಎಲ್ಲಿ ಬರೆಯುತ್ತಾರೆ. ಭಾವನ ಈ ಸಂತಾಪ ಸಭೆಗೆ ಕ್ಯಾಂಟೀನು ಮತ್ತು ಮೈಕು ಕೊಡುತ್ತೇವೆ ಎಂದರು. ಇದೊಂದನ್ನು ಕೊಟ್ಟಿದ್ದಾರೆ. ಎಷ್ಟು ಹೊತ್ತು ಎಂದು ಹೇಳಿಲ್ಲ.

ಎಲ್ಲರಿಗೂ ನಮಸ್ಕಾರ. ಮೊದಲ ಸಾಲಿನಲ್ಲಿ ಕೂತಿರುವ ಭಾವನ ಹೆಂಡತಿ, ನಮ್ಮೆಲ್ಲರ ಅಕ್ಕ, ಅವರ ಮಗಳು, ಅಕ್ಕನ ತಮ್ಮ — ನಿಮ್ಮ ಮೂವರ ಮುಂದೆ ನಿಂತು ಮಾತಾಡುವುದು ಸುಲಭವಲ್ಲ. ನಿಮ್ಮ ಪಕ್ಕದಲ್ಲೇ ಮ್ಯಾನೇಜರ್ ಅವರೂ ಕೂತಿದ್ದಾರೆ. ಅವರಿಗೂ ನಮಸ್ಕಾರ. ಬಂದದ್ದಕ್ಕೆ ಸಂತೋಷ ಎನ್ನುವುದಿಲ್ಲ, ಈ ಸಭೆಯಲ್ಲಿ ಆ ಮಾತು ಸಲ್ಲದು. ಬಂದಿದ್ದೀರಿ, ಕೇಳಿಸಿಕೊಳ್ಳಿ.

ಒಳಗೆ ಬರುವಾಗ ಅವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ನೋಡಮ್ಮ, ಅವರ ಸ್ವಭಾವದ ಬಗ್ಗೆ ಮಾತಾಡು. ಒಳ್ಳೆಯವರಿದ್ರು, ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಿದ್ರು, ಅಷ್ಟು ಸಾಕು. ಪ್ರೋಗ್ರಾಂ ವಿಷಯ ಇವತ್ತು ಬೇಡ. ಮನೆಯವರಿಗೆ ನೋವಾಗುತ್ತೆ."

ಸರಿ, ಮನೆಯವರನ್ನೇ ಕೇಳೋಣ ಎಂದು ಅಕ್ಕನ ಹತ್ತಿರ ಹೋದೆ. ಅಕ್ಕ ಹೇಳಿದರು — "ಅದನ್ನೇ ಮಾತಾಡು. ಸ್ವಭಾವ ನನಗೆ ಗೊತ್ತಿದೆ."

ಆದ್ದರಿಂದ ಅದನ್ನೇ ಮಾತಾಡುತ್ತೇನೆ. ಮುಂದಿನ ವಾರ ಮೂರನೇ ಮಹಡಿಯ ಕಂಪ್ಯೂಟರುಗಳಿಂದ ಆ ಪ್ರೋಗ್ರಾಂ ಅಳಿಸಿಹಾಕುತ್ತಾರೆ. ಅಳಿಸಿದ ದಿನದಿಂದ ಅಕ್ಕನಿಗೆ ಈ ಕಟ್ಟಡದಲ್ಲಿ ಕೆಲಸವಿಲ್ಲ. ಅಕ್ಕನ ಹಾಗೆ ಇನ್ನೂ ಹಲವರಿಗಿಲ್ಲ. ಇವತ್ತು ನಾವು ಸೇರಿರುವುದು ಸತ್ತವರಿಗಾಗಿ, ನಿಜ. ಬದುಕಿರುವವರ ಕೈಗಾಗಿಯೂ ಸೇರಿದ್ದೇವೆ.

ಬೇರೆ ಕಂಪನಿಗಳಿಂದ ಬಂದವರಿದ್ದೀರಿ. ಭಾವ ಇಡೀ ಕಟ್ಟಡಕ್ಕೆ ಭಾವ ಆದದ್ದು ಹೇಗೆ ಎಂದು ಕೇಳುತ್ತೀರಿ. ಅಕ್ಕನ ತಮ್ಮ ನಮ್ಮ ಹಾರ್ಡ್‌ವೇರ್ ವಿಭಾಗದಲ್ಲಿದ್ದಾನೆ. ಅಕ್ಕನ ಗಂಡ ಕೆಲಸಕ್ಕೆ ಸೇರಿದ ದಿನ ಅವನು ಮಹಡಿ ಮಹಡಿ ಸುತ್ತಿಸಿ, "ಇವರು ನಮ್ಮ ಭಾವ" ಎಂದು ಪರಿಚಯ ಮಾಡಿಸಿದ. ಸಂಜೆಯ ಹೊತ್ತಿಗೆ ವಾಚ್‌ಮನ್‌ಗೂ ಭಾವ, ಲಿಫ್ಟಿನವನಿಗೂ ಭಾವ. ಮ್ಯಾನೇಜರ್ ಅವರೂ ಒಂದು ಮೀಟಿಂಗಿನಲ್ಲಿ ಬಾಯಿತಪ್ಪಿ "ಭಾವ" ಎಂದುಬಿಟ್ಟರು. ಭಾವ ತಲೆ ಎತ್ತದೆ "ಹೇಳಪ್ಪ" ಎಂದರು. ನಗಿ, ಪರವಾಗಿಲ್ಲ. ಅದು ನಗುವ ವಿಷಯವೇ.

ಅವರ ಕೆಲಸ ಹಳೆಯ ಪ್ರೋಗ್ರಾಂಗಳಿಗೆ ತೇಪೆ ಹಾಕುವುದು. ನಮ್ಮದು, ಮೂರನೇ ಮಹಡಿಯವರದು, ಚೌಕ ಹಾಕುವುದು. ಒಂದು ಚಿತ್ರ ಬರುತ್ತದೆ — ಅದರೊಳಗಿನ ಕಾರಿಗೆ ಚೌಕ ಹಾಕು, ಮರಕ್ಕೆ ಚೌಕ ಹಾಕು, ರಸ್ತೆ ದಾಟುವ ಮುದುಕನಿಗೆ ಚೌಕ ಹಾಕು. ಹಾಗೆ ಹಾಕಿ ಹಾಕಿ ಯಂತ್ರಕ್ಕೆ ಕಾರು ಯಾವುದು, ಮನುಷ್ಯ ಯಾವನು ಎಂದು ಕಲಿಸುತ್ತೇವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೌಸು ಒತ್ತು, ಎಳೆ, ಬಿಡು. ಒತ್ತು, ಎಳೆ, ಬಿಡು. ಯಂತ್ರಕ್ಕೆ ಕಣ್ಣು ಬಂತು. ನಮ್ಮ ಕೈ ಹೋಯಿತು.

ಅಕ್ಕನಿಗೆ ಮೊದಲು ಹೆಬ್ಬೆರಳು ಜೋಮು ಹಿಡಿಯಿತು. ಆಮೇಲೆ ಕೈಯಿಂದ ಲೋಟ ಜಾರತೊಡಗಿತು. ಆಮೇಲೆ ಮಗಳ ತಲೆ ಬಾಚಲು ಆಗಲಿಲ್ಲ. ಬಲಗೈಗೆ ಆಪರೇಷನ್ ಆಯಿತು, ಬೆರಳು ಮಡಿಸಲು ಬರಲಿಲ್ಲ. ಕಂಪನಿಯ ಡಾಕ್ಟರು ಕೇಳಿದರು — "ಮನೇಲಿ ಪಾತ್ರೆ ಪಗಡ ಜಾಸ್ತಿ ತೊಳೀತೀರೇನಮ್ಮ?" ಅಕ್ಕ ಪಕ್ಕದಲ್ಲಿ ಕೂತಿದ್ದ ಭಾವನ ಕಡೆ ತೋರಿಸಿದರು: "ಮನೇಲಿ ಪಾತ್ರೆ ತೊಳೆಯೋದು ಇವರು, ಡಾಕ್ಟ್ರೇ. ಇವರ ಕೈ ನೋಡಿ, ಚೆನ್ನಾಗೇ ಇದೆ."

ಅವತ್ತು ಆಸ್ಪತ್ರೆಯಿಂದ ಹೊರಗೆ ಬಂದಾಗ ಭಾವನ ತಲೆಗೆ ಒಂದು ಯೋಚನೆ ಹೊಕ್ಕಿತು. ನಮ್ಮವರೇ ಲಕ್ಷಗಟ್ಟಲೆ ಕೈಗಳ ಚಿತ್ರಕ್ಕೆ ಚೌಕ ಹಾಕಿದ್ದೇವೆ. ಯಂತ್ರಕ್ಕೆ ಕೈ ಎಂದರೇನು ಎಂದು ಗೊತ್ತು. ಹಾಗಿದ್ದ ಮೇಲೆ ಮೌಸು ಯಾಕೆ ಮುಟ್ಟಬೇಕು? ಕ್ಯಾಮೆರಾ ನೋಡಲಿ, ನಾವು ಸನ್ನೆ ಮಾಡೋಣ. ಬೆರಳಾಡಿಸುವ ಸನ್ನೆಯಲ್ಲ — ಬೆರಳೇ ಇಲ್ಲದವರಿಗೂ ಆಗುವ ಸನ್ನೆ. ಭುಜದಿಂದ, ಮೊಣಕೈಯಿಂದ.

ಎರಡು ಕ್ಯಾಮೆರಾ ಬೇಕು ಎಂದು ಕೇಳಿದರು. ಆಗುವುದಿಲ್ಲ ಎಂದರು. ಮತ್ತೆ ಕೇಳಿದರು. ಈ ಕೆಲಸ ನಿಮ್ಮ ವಿಭಾಗದ್ದಲ್ಲ ಎಂದರು.

ಈಗ ನಮ್ಮ ಕಂಪನಿಯ ಪದ್ಧತಿಯೊಂದನ್ನು ಹೇಳಬೇಕು. ಪ್ರತಿ ವರ್ಷ ಏಪ್ರಿಲ್ ಮೊದಲ ದಿನ ಇಲ್ಲದ ವಸ್ತುವೊಂದನ್ನು ಇದೆ ಎಂದು ಸಾರುತ್ತೇವೆ. ಒಂದು ವರ್ಷ ಮಾಲೀಕನ ಜೊತೆ ಜಗಳವಾಡುವ ಗಡಿಯಾರ. ಇನ್ನೊಂದು ವರ್ಷ ಸುಳ್ಳು ಹೇಳಿದರೆ ಬಿಸಿಯಾಗುವ ಕುರ್ಚಿ. ವಿಡಿಯೊ ಮಾಡುತ್ತಾರೆ, ಲೋಕ ಒಂದು ದಿನ ನಂಬುತ್ತದೆ, ಮಾರನೇ ದಿನ ನಗುತ್ತದೆ, ಕಂಪನಿಯ ಹೆಸರು ಎಲ್ಲರ ಬಾಯಲ್ಲಿ ಓಡಾಡುತ್ತದೆ. ಅದಕ್ಕೆ ತಯಾರಿ ಒಂದು ತಿಂಗಳು. ಆ ತಿಂಗಳು ತಮಾಷೆಗೆ ಏನು ಬೇಕಾದರೂ ಕೊಡುತ್ತಾರೆ, ಯಾಕೆ ಎಂದು ಕೇಳುವುದಿಲ್ಲ.

ಭಾವನಿಗೆ ಇದನ್ನು ಹೇಳಿಕೊಟ್ಟವರು ಸಾಮಾನು ಕೊಡುವ ಸ್ಟೋರಿನವರು. ಅಲ್ಲಿ, ಕಂಬದ ಹತ್ತಿರ ಕೂತಿದ್ದಾರೆ. ಅವರ ಮಾತು ಹೀಗಿತ್ತು — "ನಿಜವಾದ ಕೆಲಸಕ್ಕೆ ಅಂದ್ರೆ ಮೂರು ಜನರ ಸಹಿ ತಗೊಂಡು ಬನ್ನಿ ಭಾವ. ತಮಾಷೆಗೆ ಅಂದ್ರೆ ಈಗಲೇ ಎತ್ತಿಕೊಂಡು ಹೋಗಿ."

ಭಾವ ಎತ್ತಿಕೊಂಡು ಹೋದರು. ಕ್ಯಾಮೆರಾ ತಮಾಷೆಯ ಲೆಕ್ಕಕ್ಕೆ. ಕಂಪ್ಯೂಟರು ತಮಾಷೆಯ ಲೆಕ್ಕಕ್ಕೆ. ಅವರ ಒಂದು ತಿಂಗಳ ಸಮಯ ತಮಾಷೆಯ ಲೆಕ್ಕಕ್ಕೆ. ಗೆಳೆಯರೇ, ಭಾವ ಮಾಡಿದ ತಪ್ಪು ಇದೊಂದೇ. ನಿಜವನ್ನು ಬಾಗಿಲಿನಿಂದ ಒಳಗೆ ಬಿಡದ ಮನೆಗೆ ಅವರು ಅದನ್ನು ಕೋಡಂಗಿಯ ವೇಷ ಹಾಕಿಸಿ ಕರೆತಂದರು. ವೇಷವನ್ನು ಆಮೇಲೆ ಬಿಚ್ಚಬಹುದು ಎಂದುಕೊಂಡರು.

ಸನ್ನೆಗಳು ಎಂಥವು ಎಂದು ತೋರಿಸುತ್ತೇನೆ. ನನ್ನ ಮಣಿಕಟ್ಟಿಗೂ ಪಟ್ಟಿ ಇದೆ, ನೋಡಿ, ಆದರೂ ಇದೆಲ್ಲ ನನಗೆ ಬರುತ್ತದೆ. ಮುಂದಿನ ಚಿತ್ರ ಬೇಕೆಂದರೆ — ಹೀಗೆ, ತುಂಬಿದ ಬಸ್ಸಿನಲ್ಲಿ ಪಕ್ಕದವರನ್ನು ಮೊಣಕೈಯಿಂದ ಸರಿಸಿದ ಹಾಗೆ. ಬೇಡದ್ದನ್ನು ಅಳಿಸಲು — ಹೀಗೆ, ಹೆಗಲ ಹಿಂದಕ್ಕೆ ಎಸೆದ ಹಾಗೆ. ತಪ್ಪು ಮಾಡಿದೆ, ವಾಪಸ್ ತಗೋ ಎನ್ನಲು ಹಣೆ ಹಣೆ ಚಚ್ಚಿಕೊಳ್ಳಬೇಕು. ಮಾಡಿದ ಕೆಲಸ ಉಳಿಸಲು ಎರಡೂ ಕೈ ಎದೆಗೆ ಅಪ್ಪಿಕೊಳ್ಳಬೇಕು.

ಶುರುವಿನಲ್ಲಿ ಎಡವಟ್ಟುಗಳೂ ಆದವು. ನಮ್ಮ ಮಹಡಿಯ ಇಬ್ಬರು ಕಿಟಕಿ ತೆಗೆಯಬೇಕೋ ಬೇಡವೋ ಎಂದು ಕೈ ಬೀಸಿ ಬೀಸಿ ಜಗಳವಾಡಿದರು. ಜಗಳ ಮುಗಿಯುವಾಗ ಅರ್ಧ ದಿನದ ಕೆಲಸ ಅಳಿಸಿಹೋಗಿತ್ತು. ಕ್ಯಾಮೆರಾ ಅವರ ಜಗಳವನ್ನೇ ಅಪ್ಪಣೆ ಎಂದುಕೊಂಡಿತ್ತು. ಭಾವ ಆ ರಾತ್ರಿಯೇ ತಿದ್ದಿದರು. ಮೊದಲು ನಮ್ಮ ಭುಜ ನಾವು ಮುಟ್ಟಿಕೊಳ್ಳಬೇಕು, ಆಗ ಕಂಪ್ಯೂಟರ್ ನಮ್ಮ ಕಡೆ ಗಮನ ಕೊಡುತ್ತದೆ, ಆಮೇಲಿನ ಸನ್ನೆ ಮಾತ್ರ ಲೆಕ್ಕಕ್ಕೆ. "ಮನುಷ್ಯರನ್ನೂ ಹಾಗೇ ಅಲ್ವಾ ಕರೆಯೋದು," ಎಂದರು, "ಭುಜ ಮುಟ್ಟಿ ಕರೆದು ಆಮೇಲೆ ಬೈಯೋದು."

ತೋಳು ಎತ್ತಿ ಹಿಡಿದರೆ ಸೋಲುತ್ತದೆ. ಅದನ್ನೂ ಮುಚ್ಚಿಡುವುದಿಲ್ಲ. ಕುರ್ಚಿಗೆ ಕೈಯೊರಗು ಕಟ್ಟಿ, ಸನ್ನೆ ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ, ಅಕ್ಕನನ್ನು ಕೂರಿಸಿ ಕೂರಿಸಿ ನೋಡಿದರು. ಕೈ ಗಟ್ಟಿಯಿರುವವರಿಗೆ ಮೌಸೇ ವೇಗ. ಭಾವನೇ ಕೊನೆಯವರೆಗೂ ಕೀಬೋರ್ಡು ಕುಟ್ಟಿದರು. "ಇದು ಯಾರಿಗೆ ಬೇಕು?" ಎಂದು ಮ್ಯಾನೇಜರ್ ಅವರು ಕೇಳಿದಾಗ ಭಾವ ಹೇಳಿದ್ದು — "ಬೇಕಾದವರಿಗೆ ಸಾರ್. ಮೆಟ್ಟಿಲಿದ್ದರೂ ಲಿಫ್ಟ್ ಹಾಕಿಸಿಲ್ವಾ?"

ಅಕ್ಕ ಮೊದಲ ದಿನ ಆ ಮೇಜಿನ ಮುಂದೆ ಕೂತದ್ದನ್ನು ನಾನು ಕಂಡಿದ್ದೇನೆ. ಭುಜ ಮುಟ್ಟಿಕೊಂಡರು. ಮೊಣಕೈ ತಳ್ಳಿದರು. ಚಿತ್ರ ಸರಿಯಿತು. ಒಂದು ಬಸ್ಸಿಗೆ ಚೌಕ ಹಾಕಿದರು. ಚೌಕ ಸ್ವಲ್ಪ ಸೊಟ್ಟಗೆ ಬಿತ್ತು. ಅಕ್ಕ ತಿರುಗಿ ಗಂಡನಿಗೆ ಹೇಳಿದರು — "ಸೊಟ್ಟ ಇದೆ, ಸರಿ ಮಾಡ್ರೀ." ಭಾವನ ಮುಖ ನೋಡಬೇಕಿತ್ತು. ಅಷ್ಟು ಖುಷಿಯಾಗಿ ಬೈಸಿಕೊಂಡ ಗಂಡನನ್ನು ನಾನು ಬೇರೆ ಕಂಡಿಲ್ಲ.

— ಮ್ಯಾನೇಜರ್ ಅವರು ನನಗೆ ಸನ್ನೆ ಮಾಡುತ್ತಿದ್ದಾರೆ. ಬೆರಳು ತಿರುಗಿಸಿ, ಬೇಗ ಮುಗಿಸು ಎಂದು. ಸಾರ್, ಅಷ್ಟು ಸಣ್ಣ ಸನ್ನೆ ನಮ್ಮ ಕ್ಯಾಮೆರಾಕ್ಕೂ ಕಾಣಿಸುವುದಿಲ್ಲ. ಮೊಣಕೈಯಿಂದ ಮಾಡಿ.

ಪ್ರೋಗ್ರಾಂ ನಡೆಯುತ್ತಿದೆ ಎಂದು ತಿಳಿದಾಗ ಇವರು ಭಾವನಿಗೆ ಹೇಳಿದರು: "ಮೊದಲು ವಿಡಿಯೊ ಆಗಲಿ. ಆಮೇಲೆ ನಿಜವಾಗಿ ಮಾಡೋಣ, ನಿಮ್ಮ ಹೆಸರಲ್ಲೇ ಮಾಡೋಣ." ಭಾವ ಒಪ್ಪಿದರು. ವಿಡಿಯೊದಲ್ಲಿ ಅಕ್ಕ ಇರಲಿಲ್ಲ. ಬಾಡಿಗೆಗೆ ಕರೆಸಿದ ನಟನೊಬ್ಬನಿದ್ದ. ಕಂಪ್ಯೂಟರಿನ ಮುಂದೆ ಹಣೆ ಚಚ್ಚಿಕೊಂಡ, ಮೊಣಕೈಯಿಂದ ಪಕ್ಕದವನ ಟೀ ಚೆಲ್ಲಿದ, ಎದೆ ಅಪ್ಪಿಕೊಂಡು ಕುರ್ಚಿಯಿಂದ ಬಿದ್ದ. ಹಿಂದಿನಿಂದ ನಗುವಿನ ಸದ್ದು. ಕೊನೆಗೆ ದೊಡ್ಡ ಅಕ್ಷರದಲ್ಲಿ, "ನಂಬಿಬಿಟ್ಟಿರಾ?"

ಇದೇ ಕ್ಯಾಂಟೀನಿನಲ್ಲಿ, ಆ ಗೋಡೆಯ ಮೇಲೆ ಹಾಕಿ ತೋರಿಸಿದರು. ಬಿದ್ದು ಬಿದ್ದು ನಕ್ಕರು. ಆ ಹೊತ್ತಿಗೆ ಸರಿಯಾಗಿ ಮೇಲಿನ ಮಹಡಿಯಲ್ಲಿ ಅಕ್ಕ ಅದೇ ಸನ್ನೆಗಳನ್ನು ಮಾಡುತ್ತ ದಿನದ ಕೆಲಸ ಮುಗಿಸುತ್ತಿದ್ದರು.

ಲೋಕವೆಲ್ಲ ನಗಲಿಲ್ಲ. ಬೇಕರಿಯವನೊಬ್ಬ ಬರೆದ — ನನ್ನ ಕೈಯೆಲ್ಲ ಹಿಟ್ಟು, ಆರ್ಡರ್ ನೋಡಲು ಇದು ಬೇಕು, ಎಲ್ಲಿ ಸಿಗುತ್ತದೆ? ಸುಟ್ಟ ಕೈಯ ದರ್ಜಿಯೊಬ್ಬರು ಬರೆದರು. ತಾಯಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ, ಎಡ ಮೊಣಕೈ ಮಾತ್ರ ಆಡುತ್ತದೆ ಎಂದು ಮಗಳೊಬ್ಬಳು ಬರೆದಳು. ಎಲ್ಲರಿಗೂ ಪ್ರಚಾರ ವಿಭಾಗದಿಂದ ಒಂದೇ ಉತ್ತರ ಹೋಯಿತು: ಇದು ನಮ್ಮ ವಾರ್ಷಿಕ ತಮಾಷೆ, ಆನಂದಿಸಿದ್ದಕ್ಕೆ ಧನ್ಯವಾದ. ಕೊನೆಯಲ್ಲಿ ಒಂದು ನಗುಮುಖದ ಚಿತ್ರ. ಆ ಮಗಳಿಗೂ ಅದೇ ನಗುಮುಖ.

"ಆ ಹುಡುಗಿಗೊಬ್ಬಳಿಗಾದ್ರೂ ನಿಜ ಹೇಳ್ತೀನಿ" ಎಂದರು ಭಾವ. ಹೇಳಿದರೆ ಕೆಲಸ ಹೋಗುತ್ತದೆ ಎಂದರು ಮ್ಯಾನೇಜರ್ ಅವರು.

ನಿಜವಾಗಿ ಮಾಡುವ ಮಾತು ಮತ್ತೆ ಬರಲೇ ಇಲ್ಲ. ಬದಲಿಗೆ ನೋಟಿಸ್ ಬಂತು. ತಮಾಷೆಗೆಂದು ಮಾಡಿದ್ದನ್ನು ತಮಾಷೆ ಮುಗಿದ ಮೇಲೆ ಕಂಪ್ಯೂಟರುಗಳಿಂದ ತೆಗೆಯುವುದು ನಿಯಮವಂತೆ. ಭಾವ ಹತ್ತು ಬಾಗಿಲು ತಟ್ಟಿದರು. ಕೊನೆಗೆ ಇವರು, ಸರಿ, ತಮಾಷೆಯಲ್ಲ ಎಂದು ನಮ್ಮ ಮುಂದೆ ಮಾಡಿ ತೋರಿಸಿ ಎಂದರು.

ಎರಡನೇ ಮಹಡಿಯ ಸಣ್ಣ ಮೀಟಿಂಗ್ ಕೋಣೆ. ಮ್ಯಾನೇಜರ್, ಕಾನೂನು ವಿಭಾಗದವರೊಬ್ಬರು, ಪ್ರಚಾರ ವಿಭಾಗದ ಮುಖ್ಯಸ್ಥೆ. ಬಾಗಿಲ ಹತ್ತಿರ ವೈರು ಹಿಡಿದುಕೊಂಡು ಅಕ್ಕನ ತಮ್ಮ. ನಾನು ಅಲ್ಲಿರಲಿಲ್ಲ. ತಮ್ಮ ಹೇಳಿದ್ದನ್ನು ಹೇಳುತ್ತೇನೆ. ಒಂದು ಅಕ್ಷರ ತಪ್ಪಿದ್ದರೂ ಮ್ಯಾನೇಜರ್ ಅವರು ಇಲ್ಲೇ ಎದ್ದು ತಿದ್ದಲಿ.

ಭಾವ ಭುಜ ಮುಟ್ಟಿಕೊಂಡರು. ಮೊಣಕೈ ತಳ್ಳಿದರು. ಕಾನೂನಿನವರು ನಕ್ಕರು. "ಇನ್ನೊಂದ್ಸಲ ಮಾಡಿ, ಮನೇಲಿ ತೋರಿಸ್ತೀನಿ" ಎಂದು ಫೋನ್ ತೆಗೆದರು. ಭಾವ ಇನ್ನೊಂದು ಸಲ ಮಾಡಿದರು. ಮತ್ತೆ ನಗು. ಭಾವ ಕೈ ಇಳಿಸಿ ಹೇಳಿದರು — "ನಕ್ಕು ಮುಗೀಲಿ, ಆಮೇಲೆ ಮುಂದುವರಿಸ್ತೀನಿ. ನನಗೇನೂ ಅವಸರ ಇಲ್ಲ."

ನಕ್ಕು ಮುಗಿಯಿತು. ಭಾವ ಮುಂದುವರಿಸಿದರು. ಒಂದು ಚೌಕ ಹಾಕಿದರು, ಇನ್ನೊಂದು ಹಾಕಿದರು. ಆಮೇಲೆ ಎರಡೂ ಕೈ ಎದೆಗೆ ಒತ್ತಿಕೊಂಡರು.

ಪರದೆಯ ಮೇಲೆ ಬಂತು — ಉಳಿಸಲಾಗಿದೆ.

ನಗು. ಕೈ ಎದೆಯ ಮೇಲೇ ಇತ್ತು. ಭಾವ ಹಾಗೇ ಕುರ್ಚಿಗೆ ಒರಗಿದರು. "ಎಂಥ ನಟನೆ, ವಿಡಿಯೊಗೆ ಇವರನ್ನೇ ಹಾಕಬೇಕಿತ್ತು" ಎಂದರು ಪ್ರಚಾರದವರು. ಪರದೆಯ ಮೇಲೆ ಮತ್ತೆ — ಉಳಿಸಲಾಗಿದೆ. ಮತ್ತೆ — ಉಳಿಸಲಾಗಿದೆ.

ಒಮ್ಮೆ ಉಳಿಸಿದ್ದನ್ನು ಭಾವ ಎರಡನೇ ಸಲ ಉಳಿಸುವವರಲ್ಲ. ಅದು ಗೊತ್ತಿದ್ದವನು ಆ ಕೋಣೆಯಲ್ಲಿ ಅಕ್ಕನ ತಮ್ಮ ಒಬ್ಬನೇ. ವೈರು ಬಿಸಾಕಿ ಓಡಿದ. ನಗುತ್ತಿದ್ದವರನ್ನು ತಳ್ಳಿಕೊಂಡು —

ಮೈಕು ಹೋಯಿತು.

ಇರಲಿ. ಯಾರೂ ವೈರು ಹುಡುಕಬೇಡಿ, ಅದು ವೈರಿನ ದೋಷವಲ್ಲ. ಹಿಂದೆ ಕೂತವರು ಮುಂದೆ ಬನ್ನಿ. ಕುರ್ಚಿ ಎಳೆದುಕೊಂಡೇ ಬನ್ನಿ, ಸದ್ದಾದರೆ ಆಗಲಿ. ಸ್ಟೋರಿನವರೇ, ನಿಮಗೆ ಕೇಳಿಸುತ್ತಿದೆಯೇ? ಕೇಳಿಸುತ್ತಿದೆ ಎನ್ನುತ್ತಿದ್ದಾರೆ. ನಾನು ಗೇಟಿನ ಹೊರಗೆ ನಿಂತು ಮಾತಾಡಿ ಅಭ್ಯಾಸವಿರುವವಳು, ನನಗೆ ಈ ಕ್ಯಾಂಟೀನು ಚಿಕ್ಕದು.

ಕಂಪನಿ ಭಾವನನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳು ಎಂದು ನನಗೆ ಕೆಲವರು ಹೇಳಿದ್ದಾರೆ. ಹೃದಯ ನಿಂತಿತು ಎಂದರು ಡಾಕ್ಟರು. ಇನ್ನೂ ಬೇಗ ತಂದಿದ್ದರೆ? ಹೇಳಲಾಗದು ಎಂದರು. ಅವರು ಹೇಳಿದ್ದನ್ನೇ ಹೇಳುತ್ತೇನೆ, ಒಂದು ಗುಲಗಂಜಿ ಹೆಚ್ಚು ಕಡಿಮೆ ಮಾಡುವುದಿಲ್ಲ. ನಗುವಿಗೂ ಓಟಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂದು ಆ ಕೋಣೆಯಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದನ್ನೂ ನಾನು ಅಳೆಯುವುದಿಲ್ಲ.

ನಾನು ಕೇಳುವುದು ಇಷ್ಟು. ಎದೆ ಹಿಡಿದುಕೊಂಡ ಮನುಷ್ಯನನ್ನು ಕಂಡರೆ ಬೀದಿಯಲ್ಲಿ ಹೋಗುವವನು ಕೂಡ ನಿಲ್ಲುತ್ತಾನೆ. ಓದಿದವರು ಮೂವರು ಕೂತು ನಕ್ಕರು. ಅವರು ಕೆಟ್ಟವರು ಎಂದಲ್ಲ. ಈ ಕಟ್ಟಡದಲ್ಲಿ ಅವರಿಗೆ ಅಭ್ಯಾಸವಾಗಿದ್ದೇ ಅದು — ಬೇಕು ಎಂದು ಕೇಳಿದವರ ಮುಖ ನೋಡಿ, ನಂಬಿಬಿಟ್ಟಿರಾ ಎನ್ನುವುದು. ಕೈ ನೋಯುತ್ತದೆ ಎಂದವರಿಗೆ, ತಾಯಿಗೆ ಮಾತು ಬರುವುದಿಲ್ಲ ಎಂದವಳಿಗೆ, ಕೊನೆಗೆ ಎದುರಿಗೆ ಉಸಿರು ಕಟ್ಟುತ್ತಿದ್ದ ಭಾವನಿಗೆ. ಆ ನಗುಮುಖವನ್ನು ಎಷ್ಟು ಸಲ ಕಳಿಸಿದರೆ ಮನುಷ್ಯನಿಗೆ ಸ್ವಂತ ಮುಖ ಮರೆತುಹೋಗುತ್ತದೆ?

ಈಗ ಇವರು ಹೊಸ ಮಾತು ತಂದಿದ್ದಾರೆ. ಭಾವನ ಮೇಲಿನ ಗೌರವದಿಂದಲೇ ಆ ಪ್ರೋಗ್ರಾಂ ತೆಗೆಯುತ್ತಾರಂತೆ. ಅದನ್ನು ನೋಡಿದಾಗಲೆಲ್ಲ ನೋವಾಗುತ್ತದಂತೆ. ಎರಡನೇ ಮಹಡಿಯ ಆ ಮೀಟಿಂಗ್ ಕೋಣೆಗೆ ಭಾವನ ಹೆಸರಿಡುತ್ತಾರಂತೆ. ಹೌದು, ಅದೇ ಕೋಣೆಗೆ. ಆಚೆಮೊನ್ನೆ ಮ್ಯಾನೇಜರ್ ಅವರು ಅಕ್ಕನ ಮನೆಗೆ ಹೋಗಿ, "ನೀವು ಒಪ್ಪಿದರೆ ಎಲ್ಲ ಗೌರವವಾಗಿ ಮುಗಿಯುತ್ತೆ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಟೀ ಕೊಡಲಿಲ್ಲ, ಲೋಟ ಹಿಡಿಯಲು ಅವರಿಗೆ ಆಗುವುದಿಲ್ಲ. ಮಗಳು ತಂದುಕೊಟ್ಟಳು. ಇವರು ಟೀ ಕುಡಿದು ಮುಗಿಸಿದ ಮೇಲೆ ಅಕ್ಕ ಹೇಳಿದರು:

"ಕೋಣೆಗೆ ಅವರ ಹೆಸರು ಬೇಡ. ಅವರು ನನ್ನ ಮೇಜಿನ ಮೇಲೆ ಇಟ್ಟಿದ್ದನ್ನ ತೆಗೀಬೇಡಿ. ಅದನ್ನ ತೆಗೆದ್ರೆ ನಾನು ನಾಳೆಯಿಂದ ಏನು ಮಾಡಲಿ, ಅದೊಂದು ಹೇಳಿ ಹೋಗಿ."

ಇವರು ಲೋಟ ಕೆಳಗಿಟ್ಟು ಎದ್ದು ಬಂದರು. ಮೂರು ದಿನವಾಯಿತು, ಉತ್ತರವಿಲ್ಲ. ಇವತ್ತೂ ಅಕ್ಕನ ಪಕ್ಕದಲ್ಲೇ ಕೂತಿದ್ದಾರೆ, ಉತ್ತರವಿಲ್ಲ. ಸಾರ್, ಎಲ್ಲರೂ ಇದ್ದೇವೆ. ಈಗ ಹೇಳುತ್ತೀರಾ?

— ನೆಲ ನೋಡುತ್ತಿದ್ದಾರೆ.

ಸರಿ. ಹಾಗಾದರೆ ನಮ್ಮ ಮಾತು ನಾವು ಹೇಳುತ್ತೇವೆ. ಆ ಪ್ರೋಗ್ರಾಂ ಮೂರನೇ ಮಹಡಿಯಲ್ಲೇ ಇರಬೇಕು. ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾಗಬೇಕು. ಬೇಕರಿಯವನಿಗೆ, ದರ್ಜಿಗೆ, ಆ ಮಗಳಿಗೆ, ಇದು ಇದೆ, ನಿಜವಾಗಿಯೂ ಇದೆ ಎಂದು ಕಂಪನಿಯೇ ಬರೆಯಬೇಕು. ಅದು ಆಗುವವರೆಗೆ ಈ ಕಟ್ಟಡದಲ್ಲಿ ನಾವು ಒಂದು ಚೌಕವನ್ನೂ ಹಾಕುವುದಿಲ್ಲ. ಯಂತ್ರ ಕುರುಡಾಗಿಯೇ ಕೂರಲಿ. ಒಪ್ಪಿಗೆ ಇದ್ದವರು ಕೈ ಎತ್ತಬೇಕಿಲ್ಲ, ಎತ್ತಲಾಗದವರು ಇಲ್ಲಿ ತುಂಬ ಜನ ಇದ್ದಾರೆ. ಬಂದು ಕೂತರೆ ಸಾಕು.

ಅಳಿಸುವವರು ಬರುವುದು ಸೋಮವಾರ ಹತ್ತು ಗಂಟೆಗೆ. ಅವರು ಬಂದಾಗ ಅಕ್ಕ ಆ ಮೇಜಿನ ಮುಂದೆ ಒಬ್ಬರೇ ಕೂತಿರಬಾರದು.

ಈಗ ಭಾವನಿಗಾಗಿ ಎಲ್ಲರೂ ಎದ್ದು ನಿಲ್ಲೋಣ. ಕೈ ಮುಗಿಯಲಾಗದವರು ಹಾಗೇ ನಿಲ್ಲಿ. ಮ್ಯಾನೇಜರ್ ಅವರೇ, ನೀವೂ ಏಳಿ. ಇನ್ನು ಯಾರೂ ಮಾತಾಡುವುದು ಬೇಡ, ಕೆಮ್ಮು ಬಂದರೂ ತಡೆದುಕೊಳ್ಳಿ. ಮೌನ ಮುಗಿದ ಮೇಲೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ, ನೀವು ಹಾಗೇ ಮನೆಗೆ ಹೊರಡಿ. ಆದ್ದರಿಂದ ಮುಂದಿನ ಸಭೆ ಯಾವಾಗ ಎಂದು ಈಗಲೇ ಹೇಳಿಬಿಡುತ್ತೇನೆ — ಮೂರನೇ ಮಹಡಿಯಲ್ಲಿ, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.